ಲೈಮನ್ ಗ್ರೇಟ್ ಪ್ಲೇನ್ಸ್ 54: ಮದ್ದಿಗಿಂತ ಬಟ್ಟೆಯನ್ನು ನೋಡಿ ಹದಗೊಳಿಸಬೇಕಾದ ಕೋವಿ

ಅಮೆರಿಕದ ಕೊಲೊರಾಡೊದಲ್ಲಿ ಸೆಪ್ಟೆಂಬರ್ ತಿಂಗಳ ಒಂದು ಬೇಟೆಯ ಅವಧಿಯು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳಿಗೆಂದೇ ಮೀಸಲಾಗಿದೆ. ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಬೇಟೆಗೆ ಕನಿಷ್ಠ 50 ಕ್ಯಾಲಿಬರ್, ಅಂದರೆ ಅರ್ಧ ಇಂಚಿನ ನಳಿಗೆಯ ಒಳವ್ಯಾಸ, ಇರಬೇಕು. ದುರ್ಬೀನು, ಹೊಗೆರಹಿತ ಮದ್ದು, ಗುಳಿಗೆಯ ರೂಪದ ಮದ್ದು ಮೂರೂ ನಿಷಿದ್ಧ. ಈ ನಿಯಮಗಳೊಳಗೆ ಹಳೆಯ ಮಾದರಿಯ ಕೋವಿಯನ್ನೇ ಬಯಸುವವರಿಗೆ ಲೈಮನ್ ಗ್ರೇಟ್ ಪ್ಲೇನ್ಸ್ ಒಳ್ಳೆಯ ಆಯ್ಕೆ. ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟಿದ್ದ 54 ಕ್ಯಾಲಿಬರಿನ, ಕೇಪು ಸಿಡಿದು ಮದ್ದಿಗೆ ಕಿಡಿ ಹತ್ತಿಸುವ ಕೇಪಿನ ಕೋವಿಯನ್ನು.

ಸೇಂಟ್ ಲೂಯಿಸ್‌ನ ಹಾಕನ್ ಸಹೋದರರು 19ನೆಯ ಶತಮಾನದಲ್ಲಿ ರಾಕಿ ಪರ್ವತದ ಬೇಟೆಗಾರರಿಗೆ ಮಾಡಿಕೊಡುತ್ತಿದ್ದ ರೈಫಲ್‌ಗಳ ಮಾದರಿ ಇದು. 32 ಇಂಚು ಉದ್ದದ ಎಂಟು ಮುಖದ ನಳಿಗೆ, ವಾಲ್ನಟ್ ಮರದ ಹಿಡಿ, ಎರಡು ಕುದುರೆ (ಟ್ರಿಗರ್). ಹಿಂದಿನ ಕುದುರೆಯನ್ನು ಎಳೆದು ಸಜ್ಜುಗೊಳಿಸಿದರೆ ಮುಂದಿನದು ಬೆರಳು ತಾಗಿದಷ್ಟಕ್ಕೇ ಬಿಡುಗಡೆಯಾಗುವಷ್ಟು ಹಗುರವಾಗುತ್ತದೆ. ಮೊದಲ ಸಲ ಹಿಡಿದವರು ಗುರಿ ಕೂಡುವ ಮುನ್ನವೇ ಈಡು ಹಾರಿಸಿಬಿಡುವ ಸಂಭವವಿರುವುದರಿಂದ, ಮದ್ದಿಲ್ಲದೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಭಾರವಂತೂ ಕಡಿಮೆಯಿಲ್ಲ. ಬೆಟ್ಟ ಹತ್ತುವಾಗ ಶಾಪವೆನಿಸುವ ಈ ತೂಕವೇ ಹಾರಿಸುವಾಗ ಹಿಂದೊದೆತವನ್ನು ನುಂಗಿಕೊಳ್ಳುತ್ತದೆ.

ಮಲೆನಾಡಿನಲ್ಲಿ ಕೇಪಿನ ಕೋವಿ ಕಂಡವರಿಗೆ ತುಂಬುವ ಕ್ರಮ ಪರಿಚಿತವಾಗಿಯೇ ತೋರುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ನುಣುಪು ನಳಿಗೆ, ಚರೆಯ ಈಡು. ಇಲ್ಲಿ ನಳಿಗೆಯೊಳಗೆ ಸುರುಳಿ ಗೀರುಗಳಿದ್ದು, ಸೀಸದ ಗುಂಡು ಅವನ್ನು ನೇರವಾಗಿ ಕಚ್ಚುವುದೇ ಇಲ್ಲ. ಎಣ್ಣೆ ಸವರಿದ ಬಟ್ಟೆಬಿಲ್ಲೆಯೊಂದು ಗುಂಡನ್ನು ಸುತ್ತಿ ಹಿಡಿದು ತಿರುಗಿಸುತ್ತದೆ. ಆದ್ದರಿಂದ ಈಡಿನ ಪರೀಕ್ಷೆಯೆಂದರೆ ಅರ್ಧಕ್ಕರ್ಧ ಬಟ್ಟೆಯ ಪರೀಕ್ಷೆಯೇ.

ಅಚ್ಚ ಸೀಸದ 0.530 ಇಂಚಿನ ಗುಂಡು, ಅಂದರೆ ಸುಮಾರು 225 ಗ್ರೇನ್ (ಒಂದು ಗ್ರಾಮಿಗೆ ಸುಮಾರು 15 ಗ್ರೇನ್) ತೂಕದ್ದು, ಮತ್ತು ಎರಡು ಎಫ್ ದರ್ಜೆಯ, ಅಂದರೆ ಮಧ್ಯಮ ಗಾತ್ರದ ಕಾಳಿನ, ಕಪ್ಪು ಮದ್ದನ್ನು ಇಟ್ಟುಕೊಂಡು 60 ಗ್ರೇನಿನಿಂದ ಆರಂಭಿಸಿ, ತಯಾರಕರ ಕೈಪಿಡಿಯ ಮಿತಿಯೊಳಗೆ ಹತ್ತು ಹತ್ತಾಗಿ ಏರಿಸುತ್ತ ಹೋದೆ. ಆರಂಭದ ಗುಂಡುಗಳು 50 ಗಜದ ಗುರಿಹಲಗೆಯ ಮೇಲೆ ದಿಕ್ಕಿಗೊಂದರಂತೆ ಚದುರಿದವು. ನಳಿಗೆಯ ಮುಂದೆ ಹುಲ್ಲಿನಲ್ಲಿ ಬಿದ್ದಿದ್ದ ಬಿಲ್ಲೆಗಳನ್ನು ಆಯ್ದು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು: ನಡುಭಾಗ ಸುಟ್ಟು ತೂತಾಗಿತ್ತು, ಅಂಚು ಎಳೆಎಳೆಯಾಗಿ ಹರಿದಿತ್ತು. ಅಂಗಡಿಯೊಂದರಿಂದ ತಂದಿದ್ದ ಆ ಸಿದ್ಧ ಬಿಲ್ಲೆಗಳನ್ನು ವರ್ನಿಯರ್ ಹಿಡಿದು ಅಳೆದರೆ ಒಂದರ ದಪ್ಪ ಇನ್ನೊಂದಕ್ಕಿರಲಿಲ್ಲ. ಹಾಸಿಗೆ ದಿಂಬಿಗೆ ಬಳಸುವ ಒತ್ತುನೇಯ್ಗೆಯ, 0.018 ಇಂಚು ದಪ್ಪದ ಹತ್ತಿಬಟ್ಟೆಯನ್ನು ಕತ್ತರಿಸಿಕೊಂಡ ಮೇಲೆ, ಹಾರಿ ಬಿದ್ದ ಬಿಲ್ಲೆ ಇಡಿಯಾಗಿ ಸಿಕ್ಕಿತು: ನಡುವೆ ದುಂಡಗಿನ ಮಸಿ, ಸುತ್ತ ಗೀರುಗಳ ಸಾಲುಗುರುತು, ಅಂಚಿನಲ್ಲಿ ತುಸು ನವೆದ ಎಳೆ. ಮದ್ದು ಅದೇ, ಗುಂಡು ಅದೇ; ಗುರಿಹಲಗೆಯ ತೂತುಗಳು ಮಾತ್ರ ಅಂಗೈಯೊಳಗೆ ಬಂದು ಕೂತವು.

ನನ್ನ ಕೋವಿಗೆ ಒಗ್ಗಿದ್ದು 80 ಗ್ರೇನ್. ವೇಗಮಾಪಕದಲ್ಲಿ ಸೆಕೆಂಡಿಗೆ 1,600 ಅಡಿಯ ಆಸುಪಾಸು ಬಂತು. 100 ಗ್ರೇನ್ ಹಾಕಿದಾಗ ಸದ್ದು, ಹೊಗೆ, ಒದೆತ ಮೂರೂ ಹೆಚ್ಚಿದವು, ಗುರಿ ಮಾತ್ರ ಕೆಟ್ಟಿತು. ಅಷ್ಟಕ್ಕೂ ದುಂಡು ಗುಂಡು 100 ಗಜ ಮುಟ್ಟುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವೇಗವನ್ನು ಗಾಳಿಗೆ ಕಳೆದುಕೊಳ್ಳುವುದರಿಂದ, ಹೆಚ್ಚುವರಿ ಮದ್ದಿನ ಲಾಭದ ದೊಡ್ಡ ಭಾಗ ದಾರಿಯಲ್ಲೇ ಸೋರಿಹೋಗುತ್ತದೆ. ಎಲ್ಕ್‌ನಂಥ ಪ್ರಾಣಿಗೆ 75 ಗಜದಾಚೆ ನಾನು ಈ ಕೋವಿಯನ್ನು ಎತ್ತಲಾರೆ.

ಇನ್ನೆರಡು ವಿಷಯಗಳಲ್ಲಿ ಸಡಿಲ ಬಿಡುವಂತಿಲ್ಲ. ಪ್ರತಿ ಈಡಿನ ನಂತರ ಒದ್ದೆಬಟ್ಟೆ, ಆಮೇಲೆ ಒಣಬಟ್ಟೆ ಹಾಯಿಸಬೇಕು. ಇಲ್ಲವಾದರೆ ಮಸಿ ಕಟ್ಟಿ ಗುಂಡು ನಡುದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಅದಕ್ಕಾಗಿಯೇ ದಟ್ಟಿಸುವ ಕೋಲಿನ ಮೇಲೆ ಸರಿಯಾದ ಆಳಕ್ಕೆ ಗುರುತು ಹಾಕಿಟ್ಟುಕೊಂಡಿದ್ದೇನೆ.

ತಕರಾರು ಇಲ್ಲದಿಲ್ಲ. ಹಿಡಿಯ ತುದಿಯ ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿ, ಮೇಜಿಗೊರಗಿ ಹೊಡೆಯುವಾಗ ಹೆಗಲನ್ನು ನೋಯಿಸುತ್ತದೆ. ಅದನ್ನು ನಿಂತು, ತೋಳಿನ ಮೇಲ್ಭಾಗಕ್ಕೆ ಆನಿಸಿಯೇ ಹೊಡೆಯಬೇಕು. ತೊಳೆಯುವ ಕೆಲಸವನ್ನು ನಾಳೆಗೆ ಇಡುವಂತಿಲ್ಲ, ಏಕೆಂದರೆ ಕಪ್ಪು ಮದ್ದಿನ ಕಿಟ್ಟ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಎರಡು ಬೆಣೆಗಳನ್ನು ತಟ್ಟಿ ತೆಗೆದರೆ ನಳಿಗೆ ಕಳಚಿ ಬರುವುದರಿಂದ, ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ತೊಳೆಯುವುದು ಮಾತ್ರ ಸುಲಭ.

ಉದ್ದನೆಯ ಶಂಕುವಿನಾಕಾರದ ಗುಂಡುಗಳನ್ನೇ ಬಳಸುವ ಉದ್ದೇಶವಿದ್ದವರು ಈ ಕೋವಿಯನ್ನು ಕೊಳ್ಳಬಾರದು. ಇದರ ಗೀರು 60 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಅದು ದುಂಡು ಗುಂಡಿಗೆ ಹೇಳಿ ಮಾಡಿಸಿದ ನಿಧಾನ, ಉದ್ದದ ಗುಂಡಿಗೆ ಸಾಲದು. ಅಂಥವರು ಇದೇ ಕೋವಿಯ, 32 ಇಂಚಿಗೆ ಒಂದು ಸುತ್ತಿನ ‘ಹಂಟರ್’ ರೂಪವನ್ನು ಹುಡುಕಲಿ. ಹಳೆಯ ಕೋವಿ ಕೊಳ್ಳುವಾಗ ಮಾರುವವರ ಮಾತನ್ನಷ್ಟೇ ನಂಬದೆ, ಕೋಲಿಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯೊಳಗೆ ಇಳಿಸಿ, ಅದು ಎಷ್ಟು ತಿರುಗುತ್ತದೆಂದು ತಾವೇ ನೋಡಿಕೊಳ್ಳಲಿ.