ಕ್ಲಾಸಿಗೆ ಯಾವ ಬುಕ್‌ಮಾರ್ಕ್ ಸಾಧನ? ಡೀಗೊ, ಝೊಟೆರೊ, ಹೈಪಾಥಿಸಿಸ್ ಬಳಸಿ ನೋಡಿದ ಮೇಲೆ

ನಾನು ಪತ್ರಿಕೋದ್ಯಮದ ಎಂ.ಎ. ತರಗತಿಗೆ ಪರಿಸರ ವರದಿಗಾರಿಕೆ ಕಲಿಸುತ್ತೇನೆ. ಒಂದೇ ವಿಷಯ ಹಿಡಿದು ಇಡೀ ಸೆಮಿಸ್ಟರ್ ಓದುವುದು ನಮ್ಮ ರೂಢಿ. ಆ ವಿಷಯ ಬೆಂಗಳೂರಿನ ಕೆರೆಗಳು. ಬೆಳ್ಳಂದೂರು ಕೆರೆಯ ನೊರೆ, 2017ರ ಫೆಬ್ರವರಿಯಲ್ಲೂ ಮತ್ತೆ 2018ರ ಜನವರಿಯಲ್ಲೂ ಅಲ್ಲಿ ಹೊತ್ತಿಕೊಂಡ ಬೆಂಕಿ, ರಾಜಕಾಲುವೆ ಒತ್ತುವರಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿರುವ ಬೆಂಗಳೂರಿನ ಬಳಸಿದ ನೀರು, ಹೀಗೆ ಓದಬೇಕಾದದ್ದು ರಾಶಿ ಇದೆ. ಒಬ್ಬರಿಂದ ಆಗುವ ಕೆಲಸ ಅಲ್ಲ. ಮೂವತ್ತು ಜನ ಸೇರಿ ಹುಡುಕಬೇಕು, ಸಿಕ್ಕಿದ್ದನ್ನು ಒಂದು ಕಡೆ ಇಡಬೇಕು, ಅದಕ್ಕೆ ಟ್ಯಾಗ್, ಅಂದರೆ ವಿಷಯ ಹೇಳುವ ಗುರುತಿನ ಪದ, ಕೊಡಬೇಕು, ಒಬ್ಬರು ತಂದದ್ದನ್ನು ಇನ್ನೊಬ್ಬರು ಓದಬೇಕು. ಸೋಷಿಯಲ್ ಬುಕ್‌ಮಾರ್ಕಿಂಗ್ ಅಂದರೆ ಇಷ್ಟೇ.

ಮೊದಲು ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಮಾಡಿದೆವು. ಎಲ್ಲರ ಹತ್ತಿರವೂ ಇತ್ತು, ಕಲಿಸಬೇಕಾದ್ದೇನೂ ಇರಲಿಲ್ಲ. ಆದರೆ ಸೋಮವಾರ ಹಾಕಿದ ಲಿಂಕ್ ಗುರುವಾರದ ಹೊತ್ತಿಗೆ ಪರೀಕ್ಷೆ ಸುದ್ದಿ, ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೂತುಹೋಗಿರುತ್ತದೆ. ಟ್ಯಾಗ್ ಇಲ್ಲ. ಯಾಕೆ ಹಾಕಿದರು ಅಂತ ಒಂದು ಸಾಲೂ ಇರುವುದಿಲ್ಲ. ಸುಮ್ನೆ ಫಾರ್ವರ್ಡ್. ಅದನ್ನು ಈಗ ಬರೀ ಸೂಚನೆ ಕಳಿಸಲು ಇಟ್ಟುಕೊಂಡಿದ್ದೇನೆ.

ಆಮೇಲೆ ಮೂರು ಸಾಧನಗಳನ್ನು ಒಂದೊಂದು ಬ್ಯಾಚಿಗೆ ಪೂರ್ತಿ ಸೆಮಿಸ್ಟರ್ ಬಳಸಿ ನೋಡಿದೆ.

ಡೀಗೊದಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಜಾಸ್ತಿ ಕಲಿತದ್ದು ಅಲ್ಲೇ. ಲಿಂಕ್ ಉಳಿಸಿ ಹಂಚಿಕೊಳ್ಳಲು 2006ರಿಂದ ಇರುವ ಸೇವೆ. ಶಿಕ್ಷಕರಿಗೆ ಬೇರೆ ಖಾತೆ ಕೊಡುತ್ತದೆ, ವಿದ್ಯಾರ್ಥಿಗಳ ಖಾತೆಗಳನ್ನು ನಾವೇ ಒಟ್ಟಿಗೆ ತೆರೆಯಬಹುದು, ಅವರಿಗೆ ಇಮೇಲ್ ಇರಲೇಬೇಕು ಅಂತಿಲ್ಲ, ತೆರೆದ ಕೂಡಲೇ ಎಲ್ಲರೂ ಒಂದೇ ಗ್ರೂಪಿಗೆ ಸೇರುತ್ತಾರೆ. ಪುಟದ ಸಾಲನ್ನು ಬಣ್ಣ ಹಚ್ಚಿ ಗುರುತು ಮಾಡಿ, ಪಕ್ಕದಲ್ಲಿ ಟಿಪ್ಪಣಿ ಅಂಟಿಸಿದರೆ ಗ್ರೂಪಿನವರಿಗೆಲ್ಲ ಕಾಣುತ್ತದೆ. ನನ್ನ ನಿಯಮ ಒಂದೇ: ಲಿಂಕ್ ಹಾಕಿದರೆ ಕೆಳಗೆ ಎರಡು ಸಾಲು ಬರೆಯಬೇಕು, ಕನಿಷ್ಠ ಮೂರು ಟ್ಯಾಗ್ ಕೊಡಬೇಕು, ಕನ್ನಡದಲ್ಲಿ.

ಎರಡೇ ವಾರಕ್ಕೆ ಟ್ಯಾಗ್ ಪಟ್ಟಿ ಸಂತೆಯಾಯಿತು. ಕೆರೆ, ಕೆರೆಗಳು, ಲೇಕ್. ಒಬ್ಬರು ಒತ್ತುವರಿ, ಇನ್ನೊಬ್ಬರು ಅತಿಕ್ರಮಣ. ಡೀಗೊದಲ್ಲಿ ಜಾಗ ಬಿಟ್ಟರೆ ಹೊಸ ಟ್ಯಾಗ್ ಅಂತ ಅರ್ಥ, ಎರಡು ಪದ ಒಂದೇ ಟ್ಯಾಗ್ ಆಗಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಅದು ಗೊತ್ತಿಲ್ಲದೆ 'ಕೊಳಚೆ' ಒಂದು ಕಡೆ, 'ನೀರು' ಇನ್ನೊಂದು ಕಡೆ ಹೋಗಿತ್ತು. ಇನ್ನೂ ವಿಚಿತ್ರ ಅಂದರೆ 'ಟ್ಯಾಂಕರ್' ಅನ್ನುವ ಟ್ಯಾಗ್ ಎರಡು ಸಲ ಇತ್ತು. ನೋಡಲು ಒಂದೇ, ಒಳಗಿನ ಲಿಂಕ್‌ಗಳು ಮಾತ್ರ ಬೇರೆ ಬೇರೆ. ಒಬ್ಬ ಹುಡುಗಿ ಕಂಡುಹಿಡಿದಳು. ಒಂದರಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲ ಸಲ ಏನೂ ಅಳಿಯುತ್ತಿರಲಿಲ್ಲ. ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಕಂಪ್ಯೂಟರಿನ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿದೆ. ಕೆಲವು ಕೀಬೋರ್ಡ್‌ಗಳು ಅದನ್ನು ಕೊನೆಯ 'ರ್' ಆದ ಮೇಲೆ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಕನ್ನಡದಲ್ಲಿ ಟ್ಯಾಗ್ ಮಾಡಿಸುವ ಎಲ್ಲ ಮೇಷ್ಟ್ರುಗಳಿಗೂ ಇದು ಗೊತ್ತಿರಲಿ.

ನಿಜವಾದ ಪಾಠ ಆದದ್ದು ಕೆ.ಸಿ. ವ್ಯಾಲಿ ನೀರಿನ ವಿಷಯದಲ್ಲಿ. ಬೆಂಗಳೂರಿನ ಹುಡುಗರು 'ಸಂಸ್ಕರಿಸಿದ ನೀರು' ಅಂತ ಟ್ಯಾಗ್ ಮಾಡಿದ್ದರು, ಸರ್ಕಾರಿ ಪ್ರಕಟಣೆಗಳಲ್ಲಿ ಇರುವ ಹಾಗೆ. ಕೋಲಾರದ ಕಡೆಯ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ನಮ್ಮೂರಲ್ಲಿ ಇದನ್ನ ಕೊಳಚೆ ನೀರು ಅಂತಾರೆ. ನಾನು ಹಂಗೇ ಹಾಕ್ತೀನಿ." ಅವತ್ತು ಪೂರ್ತಿ ತರಗತಿ ಅದೇ ಚರ್ಚೆ. ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರು ಅದು, ಮೂರನೇ ಹಂತವೂ ಆಗಲೇಬೇಕು ಅನ್ನುವುದು ಅಲ್ಲಿಯ ಹೋರಾಟಗಾರರ ಬೇಡಿಕೆ. ಹಾಗಿರುವಾಗ ವರದಿಗಾರ ಯಾವ ಪದ ಬರೆಯಬೇಕು? ಪದ ಆರಿಸಿದ ಕೂಡಲೇ ಒಂದು ಪಕ್ಷ ಹಿಡಿದಂತೆ ಆಗುತ್ತದೆ ಅಲ್ವಾ? ಹತ್ತು ಉಪನ್ಯಾಸ ಕೊಟ್ಟರೂ ನಾನು ಇದನ್ನು ಅಷ್ಟು ಚೆನ್ನಾಗಿ ಹೇಳಿಕೊಡಲು ಆಗುತ್ತಿರಲಿಲ್ಲ. ಕೊನೆಗೆ ಎಲ್ಲರೂ 'ಕೆಸಿವ್ಯಾಲಿ' ಅಂತಲೇ ಟ್ಯಾಗ್ ಮಾಡುವುದು, ಯಾವ ವರದಿ ಆ ನೀರನ್ನು ಏನೆಂದು ಕರೆದಿದೆ ಅನ್ನುವುದನ್ನು ಕೆಳಗಿನ ಎರಡು ಸಾಲಿನಲ್ಲಿ ಬರೆಯುವುದು ಅಂತ ಒಪ್ಪಿಕೊಂಡರು.

ಯಾವ ಟ್ಯಾಗ್ ಬಳಸಬೇಕು ಅಂತ ಮೊದಲೇ ಪಟ್ಟಿ ಕೊಡುವ ಸೌಲಭ್ಯ ಡೀಗೊ ಗ್ರೂಪಿನಲ್ಲಿದೆ. ಅದನ್ನು ಮೊದಲ ದಿನವೇ ತುಂಬಿಸಬೇಡಿ. ನಾನು ನಾಲ್ಕನೇ ವಾರದವರೆಗೆ ಕಾಯುತ್ತೇನೆ. ಜಗಳ ಆಗಲಿ, ಆಮೇಲೆ ಪಟ್ಟಿ ಮಾಡೋಣ.

ಝೊಟೆರೊ ಬೇರೆ ಜಾತಿ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ್ದು, ಉಚಿತ, ಮುಕ್ತ ತಂತ್ರಾಂಶ. ಹುಟ್ಟಿದ್ದೇ ಸಂಶೋಧಕರಿಗಾಗಿ. ಗ್ರೂಪಿಗೆ ಎಷ್ಟು ಜನ ಬೇಕಾದರೂ ಸೇರಬಹುದು. ಪುಟದ ಪ್ರತಿಯನ್ನೇ ಉಳಿಸಿಕೊಳ್ಳುತ್ತದೆ, ಇದು ದೊಡ್ಡ ವಿಷಯ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದೆ. ಹಳೇ ಕೆರೆ ಸುದ್ದಿ ಹುಡುಕುವವರಿಗೆ ಈ ಕಷ್ಟ ದಿನಾ ಎದುರಾಗುತ್ತದೆ. ಆಕರ ಪಟ್ಟಿಯನ್ನೂ ಅದೇ ಮಾಡಿಕೊಡುವುದರಿಂದ ಕೊನೆಯ ಸೆಮಿಸ್ಟರಿನ ಡಿಸರ್ಟೇಷನ್ ಮಾಡುವವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ತರಗತಿಯ ಚರ್ಚೆಗೆ ಇದು ಅಷ್ಟು ಒಗ್ಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕಪಾಟು ಜೋಡಿಸುತ್ತಾ ಕೂತರು, ಪಕ್ಕದವರ ಕಪಾಟು ನೋಡಿದವರು ಕಡಿಮೆ. ಇನ್ನೊಂದು, ಸೈಟುಗಳೇ ಇಟ್ಟಿರುವ ಪದಗಳನ್ನು ಝೊಟೆರೊ ತಾನಾಗಿಯೇ ಟ್ಯಾಗ್ ಮಾಡಿಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲು ಆಫ್ ಮಾಡಿಸಿ, ಇಲ್ಲದಿದ್ದರೆ ಮಕ್ಕಳು ಯೋಚನೆ ಮಾಡುವ ಪ್ರಮೇಯವೇ ಬರುವುದಿಲ್ಲ. ಉಚಿತ ಜಾಗ 300 ಎಂಬಿ. ಗ್ರೂಪಿನವರು ಹಾಕುವ ಫೈಲೆಲ್ಲ ಗ್ರೂಪ್ ತೆರೆದವರ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ದೊಡ್ಡ ಪಿಡಿಎಫ್‌ಗಳಿಗೆ ಲಿಂಕ್ ಸಾಕು.

ಹೈಪಾಥಿಸಿಸ್ ಅನ್ನು ಬುಕ್‌ಮಾರ್ಕಿಂಗ್ ಅನ್ನಬಹುದೋ ಇಲ್ಲವೋ, ನಾನಂತೂ ಈ ಸಾಲಿಗೇ ಸೇರಿಸುತ್ತೇನೆ. ಲಾಭದ ಉದ್ದೇಶವಿಲ್ಲದ ಯೋಜನೆಯಾಗಿ 2011ರಲ್ಲಿ ಶುರುವಾದದ್ದು. ಹತ್ತಾರು ಲಿಂಕ್ ಕೂಡಿಡುವ ಬದಲು ಒಂದೇ ದಾಖಲೆಯನ್ನು ಎಲ್ಲರೂ ಸಾಲು ಸಾಲಾಗಿ ಓದಿ ಅಂಚಿನಲ್ಲಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕೆರೆಗಳ ಬಗ್ಗೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೊಟ್ಟ ವರದಿಯನ್ನು ಹೀಗೇ ಓದಿದೆವು. ಎರಡು ಎಚ್ಚರಿಕೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಸಾಲು ಆಯ್ಕೆ ಆಗುವುದಿಲ್ಲ, ಮೊದಲು ಓಸಿಆರ್ ಮಾಡಿಸಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿ ಮಾಡಿಸಬೇಕು. ಮತ್ತೆ, ಬರೆಯುವ ಮೊದಲು ಮೇಲುಗಡೆ ತರಗತಿಯ ಗ್ರೂಪ್ ಆರಿಸಿದ್ದಾರೆಯೇ ಅಂತ ನೋಡಿ. 'ಪಬ್ಲಿಕ್' ಅಂತಿದ್ದರೆ ವಿದ್ಯಾರ್ಥಿ ಬರೆದದ್ದು ಲೋಕಕ್ಕೆಲ್ಲ ಕಾಣುತ್ತದೆ.

ಮೊಬೈಲ್ ವಿಷಯ ಹೇಳಲೇಬೇಕು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಫೋನಿನ ಸಣ್ಣ ಪರದೆಯಲ್ಲಿ ಸಾಲು ಹಿಡಿದು ಗುರುತು ಮಾಡುವುದು ಕಷ್ಟ, ಹಾಗಾಗಿ ಹೈಪಾಥಿಸಿಸ್ ಕೆಲಸವನ್ನು ಲ್ಯಾಬ್ ಅವಧಿಯಲ್ಲೇ ಇಡುತ್ತೇನೆ. ಲಿಂಕ್ ಉಳಿಸುವುದಷ್ಟೇ ಆದರೆ ಫೋನೇ ಸಾಕು.

ಇನ್ನೊಂದು ಮಾತು. ನಾನು ಓದುವಾಗ ಎಲ್ಲರೂ ಬಳಸುತ್ತಿದ್ದದ್ದು ಡೆಲಿಷಿಯಸ್ ಅನ್ನುವ ಬುಕ್‌ಮಾರ್ಕ್ ಸೇವೆ. 2003ರಲ್ಲಿ ಶುರುವಾಯಿತು, 2005ರಲ್ಲಿ ಯಾಹೂ ಕೊಂಡಿತು, ಆಮೇಲೆ ಕೈಯಿಂದ ಕೈಗೆ ದಾಟಿ 2017ರಲ್ಲಿ ಅಂಥದೇ ಇನ್ನೊಂದು ಸೇವೆಯಾದ ಪಿನ್‌ಬೋರ್ಡ್ ಪಾಲಾಗಿ ಹೊಸದೇನೂ ಸೇರಿಸಲಾಗದಂತೆ ನಿಂತಿತು. ವಿದ್ವಾಂಸರು ಲೇಖನಗಳ ಲಿಂಕ್ ಕೂಡಿಡುತ್ತಿದ್ದ 'ಸೈಟ್‌ಯುಲೈಕ್' (CiteULike) 2019ರಲ್ಲಿ ಹೋಯಿತು. ಆಮೇಲೆ ಓದಲು ಲಿಂಕ್ ಉಳಿಸಿಡುತ್ತಿದ್ದ, ಮೊಜಿಲ್ಲಾದ ಪಾಕೆಟ್ 2025ರ ಜುಲೈನಲ್ಲಿ. ಅದಕ್ಕೇ ಯಾವುದನ್ನು ಬಳಸಿದರೂ ಸೆಮಿಸ್ಟರಿನ ಕೊನೆಯ ವಾರ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಸುತ್ತೇನೆ, ಇಂಟರ್ನಲ್ ಅಂಕದಲ್ಲಿ ಎರಡು ಅದಕ್ಕೇ ಮೀಸಲು.

ಈ ವರ್ಷ ಮೂರನ್ನೂ ಹಂಚಿಕೊಂಡಿದ್ದೇವೆ. ಮೊದಲ ಎಂಟು ವಾರ ಡೀಗೊ. ಪಾಟೀಲ್ ಸಮಿತಿಯ ವರದಿ ಓದುವ ಸರದಿ ಬಂದಾಗ ಎರಡು ವಾರ ಹೈಪಾಥಿಸಿಸ್. ಡಿಸರ್ಟೇಷನ್ ವಿಷಯ ಗೊತ್ತಾದವರು ತಮಗೆ ಬೇಕಾದ ಲಿಂಕ್‌ಗಳನ್ನಷ್ಟೇ ಆರಿಸಿ ಝೊಟೆರೊಗೆ ಒಯ್ಯುತ್ತಾರೆ. ಕೋಲಾರದ ಹುಡುಗ ಪಾಸಾಗಿ ಹೋಗಿದ್ದಾನೆ, ಆದರೂ ಗ್ರೂಪಿಗೆ ಈಗಲೂ ಲಿಂಕ್ ಹಾಕುತ್ತಾನೆ. ಕೆಳಗೆ ಎರಡು ಸಾಲು ಬರೆದೇ ಹಾಕುತ್ತಾನೆ.