ಸ್ಮಶಾನ, ಹಳೆಯ ನಕ್ಷೆ, ಪ್ರವಾಸ: ಅಮೆರಿಕದ ಇತಿಹಾಸ ಪಾಠಕ್ಕೆ ಯಾವುದು?

ಊರಿನ ಜಾಗಗಳಿಂದಲೇ ಅಮೆರಿಕದ ಇತಿಹಾಸ ಕಲಿಸಲು ಹೊರಟ ಶಿಕ್ಷಕರು ಮೊದಲು ಕೇಳುವುದು ಖರ್ಚನ್ನೇ. ಬೆಂಕಿ ವಿಮೆಗಾಗಿ ಪಟ್ಟಣಗಳ ಒಂದೊಂದು ಕಟ್ಟಡವನ್ನೂ ಗುರುತಿಸಿದ ಹಳೆಯ ಸ್ಯಾನ್‌ಬಾರ್ನ್ ನಕ್ಷೆಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತ. ನಡೆದು ಹೋಗುವಷ್ಟು ದೂರದ ಸ್ಮಶಾನಕ್ಕೂ ಹಣ ಬೇಡ, ಅನುಮತಿ ಸಾಕು. ಪ್ರವಾಸಕ್ಕೆ ಬಸ್ ಬಾಡಿಗೆಯೇ ಭಾರ; ರಾಷ್ಟ್ರೀಯ ಉದ್ಯಾನಗಳಂಥ ಜಾಗಗಳಿಗೆ ಅಲ್ಲಿನ ನಾಲ್ಕನೇ ತರಗತಿಯವರಿಗೆ ಸಿಗುವ ಉಚಿತ ಪಾಸ್ ಪ್ರವೇಶ ಶುಲ್ಕಕ್ಕೆ ಮಾತ್ರ.

ಒಂದೇ ಪೀರಿಯಡ್ ಇದ್ದರೆ ನಕ್ಷೆ ಹಿಡಿಯಿರಿ. ಅದರಲ್ಲಿ ಗುಲಾಬಿ ಬಣ್ಣ ಇಟ್ಟಿಗೆ ಕಟ್ಟಡ, ಹಳದಿ ಮರದ್ದು, ನೀಲಿ ಕಲ್ಲಿನದು. ಒಂದೇ ಬೀದಿಯ ಎರಡು ಬೇರೆ ವರ್ಷಗಳ ಹಾಳೆಗಳನ್ನು ಅಕ್ಕಪಕ್ಕ ಇಡಿ. ಕುದುರೆ ಲಾಯ ಯಾವಾಗ ಗ್ಯಾರೇಜ್ ಆಯಿತೆಂದು ಮಕ್ಕಳೇ ಹುಡುಕಲಿ. ಆದರೆ ಹೊಲಗದ್ದೆಗಳ ಊರಿಗೆ ಇದು ಒದಗುವುದು ಕಡಿಮೆ, ವಿಮೆಯ ಲೆಕ್ಕವೆಲ್ಲ ಪಟ್ಟಣದ ಕಟ್ಟಡಗಳದ್ದು.

ಎರಡು ಪೀರಿಯಡ್ ಸೇರಿಸಿ ಸಿಕ್ಕರೆ ಸ್ಮಶಾನ ಒಳ್ಳೆಯದು. ನಾಲ್ವರ ಗುಂಪಿಗೆ ಹತ್ತು ಗೋರಿಕಲ್ಲು; ಹುಟ್ಟಿದ, ಸತ್ತ ವರ್ಷ ಬರೆದುಕೊಂಡು ತರಗತಿಯಲ್ಲಿ ಗ್ರಾಫ್ ಹಾಕಿಸಿ. 1918ರ ಇನ್‌ಫ್ಲುಯೆನ್ಸಾ ಮಹಾಮಾರಿಯ ಸಾವುಗಳು ಅಲ್ಲಿ ಎದ್ದು ಕಾಣಬಹುದು. ಮಾಸಿದ ಅಕ್ಷರಕ್ಕೆ ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಹಚ್ಚಲೇಬಾರದು, ಕಲ್ಲು ಹಾಳಾಗುತ್ತದೆ; ಕನ್ನಡಿಯಿಂದ ಓರೆಯಾಗಿ ಬಿಸಿಲು ಬೀಳಿಸಿದರೆ ಓದಬಹುದು. ಗುಲಾಮರ, ಬಡವರ ಎಷ್ಟೋ ಗೋರಿಗಳಿಗೆ ಕಲ್ಲೇ ಇಲ್ಲ. ಈ ಮಾತನ್ನು ಮಕ್ಕಳಿಗೆ ಮೊದಲೇ ಹೇಳದಿದ್ದರೆ ಗ್ರಾಫ್ ಸುಳ್ಳಾಡುತ್ತದೆ.

ಕೈಗಾರಿಕಾ ಕ್ರಾಂತಿ ಪಾಠ ನಡೆಯುತ್ತಿದ್ದು, ಹಳೆಯ ಬಟ್ಟೆ ಗಿರಣಿಗಳ ಊರಾದ ಮ್ಯಾಸಚೂಸೆಟ್ಸ್‌ನ ಲೋವೆಲ್ ಹತ್ತಿರವಿದ್ದರೆ ಬಸ್ಸಿನ ಖರ್ಚು ಸಾರ್ಥಕ. ಈಗ ವಸ್ತುಸಂಗ್ರಹಾಲಯವಾಗಿರುವ ಅಲ್ಲಿನ ಬೂಟ್ ಹತ್ತಿ ಗಿರಣಿಯ ಮಗ್ಗಗಳ ಸದ್ದನ್ನು ಯಾವ ಕಾಗದವೂ ಕೇಳಿಸಲಾರದು.