ಮಾರ್ಚ್ 21ರ ಕೋಟೆ ವಾಕ್: ಒಮ್ಮೆ ಹೋಗಿಬನ್ನಿ

ಕೆ.ಆರ್. ಮಾರ್ಕೆಟ್ ಪಕ್ಕದ ಬೆಂಗಳೂರು ಕೋಟೆಯಲ್ಲಿ ಮಾರ್ಚ್ 21ರಂದೇ ಇಟ್ಟುಕೊಂಡಿದ್ದ ವಾಕ್‌ಗೆ ಹೋಗಿದ್ದೆ. ತುಂಬಾ ಇಷ್ಟವಾಯಿತು. 1791ರಲ್ಲಿ ಇದೇ ದಿನ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಫಿರಂಗಿ ಹೊಡೆತಕ್ಕೆ ಬಿರುಕುಬಿಟ್ಟ ಗೋಡೆಯಿಂದ ಒಳನುಗ್ಗಿದ್ದು, ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹಾದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟಿದ್ದು, ಎಲ್ಲವನ್ನೂ ಗೈಡ್ ಕನ್ನಡದಲ್ಲೇ, ಸ್ವಲ್ಪವೂ ಅವಸರ ಮಾಡದೆ ಹೇಳಿದರು. ಗೋಡೆ ಒಡೆದ ಜಾಗದಲ್ಲಿ ಒಂದು ಫಲಕ ಇದೆ. ಅದರ ಮೇಲೂ ಇದೇ ತಾರೀಖು! ಓದುವಾಗ ಮೈ ಜುಮ್ಮೆಂದಿತು. ನೂರು ಸಲ ಬಸ್ಸಿನಲ್ಲಿ ದಾಟಿಹೋದ ಜಾಗ ಅಲ್ವಾ ಇದು, ಒಮ್ಮೆಯೂ ಇಳಿದು ನೋಡಿರಲಿಲ್ಲ. ಹಾರ್ನ್ ಸದ್ದು ಜಾಸ್ತಿ, ಹಿಂದೆ ನಿಂತವರಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ಒಂದು ಸಣ್ಣ ಮೈಕ್ ಇಟ್ಟುಕೊಳ್ಳಲೇಬೇಕು. ಟೋಪಿ, ನೀರು ಮರೀಬೇಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.